ದರ ಏರಲಿಲ್ಲ, ಬಿಲ್ ಏರಿತು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಕಬ್ಬು ಬೆಳೆಯುವ ಈ ಗಡಿ ತಾಲೂಕುಗಳಲ್ಲಿ ಹಿಟ್ಟಿನ ಗಿರಣಿ ಅಥವಾ ವೆಲ್ಡಿಂಗ್ ಅಂಗಡಿ ನಡೆಸುವವರು ಹೆಸ್ಕಾಂ ಬಿಲ್ ಬಂದೊಡನೆ ನೋಡುವುದು ಕೊನೆಯ ಮೊತ್ತವನ್ನು. ಆದರೆ ವಿಷಯವಿರುವುದು ನಡುವಿನ ಸಾಲುಗಳಲ್ಲಿ. ಯೂನಿಟ್ ದರದ ಕೆಳಗೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಎಂಬ ಪ್ರತ್ಯೇಕ ಶುಲ್ಕವಿರುತ್ತದೆ. 2023ರ ಜೂನ್‌ನಲ್ಲಿ ಯೂನಿಟ್‌ಗೆ 70 ಪೈಸೆಯ ದರ ಏರಿಕೆಯ ಜೊತೆಗೆ ಈ ಶುಲ್ಕವೂ ಸೇರಿದಾಗ ಬೆಳಗಾವಿ, ಹುಬ್ಬಳ್ಳಿಯ ಉದ್ಯಮಿಗಳು ಬೀದಿಗಿಳಿದಿದ್ದರು.

ನೇರವಾಗಿ ದರ ಏರಿಸುವ ಬದಲು ಹೀಗೇಕೆ?

ಮೊದಲನೆಯದು, ಅನುಕೂಲ. ಮೂಲ ದರ ಬದಲಿಸಲು ವಿದ್ಯುತ್ ನಿಯಂತ್ರಣ ಆಯೋಗದ ವಿಚಾರಣೆ, ಆದೇಶ ಬೇಕು. ಕಲ್ಲಿದ್ದಲಿನ ಬೆಲೆ ಅದಕ್ಕಾಗಿ ಕಾಯುವುದಿಲ್ಲ. ಎರಡನೆಯದು, ಭರವಸೆ. ವೆಚ್ಚ ಇಳಿದರೆ ಶುಲ್ಕವೂ ಇಳಿಯುತ್ತದೆ ಎಂದರೆ ಗ್ರಾಹಕ ಸಹಿಸಿಕೊಳ್ಳುತ್ತಾನೆ. ಮೂರನೆಯದು, ಹೊಣೆ ಜಾರಿಸುವುದು. "ಏರಿಸಿದ್ದು ನಾವಲ್ಲ, ಇಂಧನ" ಎನ್ನಬಹುದು. ನಾಲ್ಕನೆಯದು, ಪೈಪೋಟಿ. ಜಾಹೀರಾತಿನ ದರ ಕಡಿಮೆಯಾಗಿಯೇ ಕಾಣುತ್ತದೆ.

ಈ ಭರವಸೆ ಕೆಲವೊಮ್ಮೆ ನಿಜವಾಗುತ್ತದೆ. ಇಂಡಿಗೋ ವಿಮಾನ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ ದೂರಕ್ಕೆ ತಕ್ಕಂತೆ 300ರಿಂದ 1,000 ರೂಪಾಯಿ ಇಂಧನ ಶುಲ್ಕ ಹಾಕಿತು. ಇಂಧನ ಅಗ್ಗವಾದಾಗ 2024ರ ಜನವರಿಯಲ್ಲಿ ತೆಗೆಯಿತು. ಆದರೆ ಎಲ್ಲ ಹೆಚ್ಚುವರಿ ಶುಲ್ಕಗಳೂ ಹಾಗಲ್ಲ. 2025ರ ಮಾರ್ಚ್‌ನಲ್ಲಿ ಆಯೋಗವು ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗಾಗಿ 2025-26ಕ್ಕೆ ಯೂನಿಟ್‌ಗೆ 36 ಪೈಸೆ ನಿಗದಿಪಡಿಸಿತು. ತಿಂಗಳಿಗೆ 1,000 ಯೂನಿಟ್ ಬಳಸುವ ಗಿರಣಿಗೆ ಅದು 360 ರೂಪಾಯಿ. ನೌಕರರಿಗೆ ಪಿಂಚಣಿ ಸಿಗಲೇಬೇಕು, ಅದು ನ್ಯಾಯ. ಆದರೆ ಪಿಂಚಣಿ ಕಲ್ಲಿದ್ದಲಿನಂತೆ ಏರಿಳಿಯುವ ವೆಚ್ಚವಲ್ಲ. ಕಾಯಂ ವೆಚ್ಚವನ್ನು ಪ್ರತ್ಯೇಕ ಸಾಲಿನಲ್ಲಿ ಇಟ್ಟಾಗ ನಿಜವಾದ ದರ ಎಷ್ಟೆಂಬುದು ಜನರಿಗೆ ತಿಳಿಯುವುದಿಲ್ಲ.

ಇದೇ ನೆಲದ ಇನ್ನೊಂದು ಮುಖ ನೋಡಿ. 2025ರ ಅಕ್ಟೋಬರ್ ಕೊನೆಯಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ಆರಂಭವಾದ ಕಬ್ಬು ಬೆಳೆಗಾರರ ಹೋರಾಟ ಜಿಲ್ಲೆಯನ್ನೇ ಆವರಿಸಿತು. ಅವರ ಬೇಡಿಕೆ ಟನ್‌ಗೆ 3,500 ರೂಪಾಯಿ. ಕೊನೆಗೆ ಕಾರ್ಖಾನೆಗಳು 50, ಸರ್ಕಾರ 50 ರೂಪಾಯಿ ಸೇರಿಸಿ 3,300ಕ್ಕೆ ಒಪ್ಪಂದವಾಯಿತು. ಕೇಂದ್ರ ನಿಗದಿಪಡಿಸುವ ಮೂಲ ಬೆಲೆ ಮಾತ್ರ ಬದಲಾಗಲಿಲ್ಲ. ಗೊಬ್ಬರ, ಡೀಸೆಲ್, ಕೂಲಿ ಏರಿದಾಗ ರೈತ ಯಾರ ಬಿಲ್ಲಿಗೂ ಶುಲ್ಕ ಸೇರಿಸಲಾರ, ರಸ್ತೆಯಲ್ಲಿ ಕೂರಬೇಕಾಗುತ್ತದೆ. ಬೆಲೆಯೇರಿಕೆಯ ಹೊರೆಯನ್ನು ಬಲವಿದ್ದವರು ಕೆಳಕ್ಕೆ ದಾಟಿಸುತ್ತಾರೆ. ದಾಟಿಸಲು ಯಾರೂ ಇಲ್ಲದವರು ಹೊರುತ್ತಾರೆ.

ಸುಳ್ಳು ತಕ್ಕಡಿ ದೇವರಿಗೆ ಅಸಹ್ಯವೆಂದು ಪವಿತ್ರ ಗ್ರಂಥ ಬೋಧಿಸುತ್ತದೆ. ಹೆಚ್ಚುವರಿ ಶುಲ್ಕವೆಲ್ಲ ಸುಳ್ಳು ತಕ್ಕಡಿಯಲ್ಲ. ಆದರೆ ಕೇಳಬೇಕಾದ ಪ್ರಶ್ನೆಗಳು ಮೂರು: ಇದು ಯಾವ ವೆಚ್ಚಕ್ಕೆ? ಎಂದಿಗೆ ಮುಗಿಯುತ್ತದೆ? ವೆಚ್ಚ ಇಳಿದಾಗ ಇಳಿಯಿತೇ? ಧರ್ಮಕೇಂದ್ರಗಳ ಸ್ವಸಹಾಯ ಸಂಘಗಳು ಮುಂದಿನ ಸಭೆಗೆ ಆರು ತಿಂಗಳ ಬಿಲ್ಲುಗಳನ್ನು ತಂದು ಒಟ್ಟಿಗೆ ಓದಲಿ. ಆಯೋಗದ ಸಾರ್ವಜನಿಕ ವಿಚಾರಣೆಯಲ್ಲಿ ಆಕ್ಷೇಪಣೆ ಸಲ್ಲಿಸುವ ಹಕ್ಕು ಸಾಮಾನ್ಯ ಗ್ರಾಹಕನಿಗೂ ಇದೆ. ಅದನ್ನು ಬಳಸೋಣ.