ವಿಳಾಸ ಮುಚ್ಚಿ, ಮಾಲೀಕರನ್ನಲ್ಲ

ಪೊಲೀಸರ ಹೆಸರನ್ನು ಆಸ್ತಿ ದಾಖಲೆಗಳಿಂದ ಮರೆಮಾಡಬೇಕು ಎನ್ನುವವರ ಕಳಕಳಿ ಸುಳ್ಳಲ್ಲ. ಅವರ ವಾದವನ್ನಷ್ಟೇ ಓದುಗರು ತೂಗಿ ನೋಡಲಿ.

‘ಭೂಮಿ ಜಾಲತಾಣ ತೆರೆದರೆ ಪೊಲೀಸರ ಮನೆ ಬಾಗಿಲೇ ಸಿಗುತ್ತದೆ’ ಎಂಬುದು ಮೊದಲ ಮಾತು. ತೆರೆದು ನೋಡಿದವರು ಹೀಗೆ ಹೇಳಲಾರರು. ಅಲ್ಲಿ ಸಿಗುವ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇರುವುದು ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆ, ಹೆಸರು, ಬೆಳೆ, ಸಾಲದ ಬೋಜಾ. ಸವದತ್ತಿ ಸೀಮೆಯ ಎರೆಹೊಲದ ಉತಾರ ಹಿಡಿದು ಹೊರಟವನಿಗೆ ಸಿಗುವುದು ಕಡಲೆ ಬೆಳೆ. ಹೊಲದ ಒಡೆಯ ಹವಾಲ್ದಾರರು ಬೈಲಹೊಂಗಲದ ಪೊಲೀಸ್ ವಸತಿಗೃಹದಲ್ಲಿರಬಹುದು. ಇನ್ನು ಕಿತ್ತೂರಿನಲ್ಲಿ ಪಿಎಸ್‌ಐ ಮನೆ ಕೇಳುವವನಿಗೆ ಜಾಲತಾಣವೇಕೆ, ಚಹಾದಂಗಡಿ ಸಾಕು.

‘ಖರೀದಿ ಪತ್ರದಲ್ಲಿ ವಾಸದ ವಿಳಾಸ ಇರುತ್ತದಲ್ಲ?’ ಇರುತ್ತದೆ. ನಕಲು ಕೊಡುವಾಗ ಅದನ್ನು ಮುಚ್ಚಿ, ಆದರೆ ಎಲ್ಲರದ್ದನ್ನೂ ಮುಚ್ಚಿ. ಬೆದರಿಕೆ ಗ್ರಾಮ ಆಡಳಿತ ಅಧಿಕಾರಿಗಳಿಗೂ ಬರುತ್ತದೆ. ಗಂಡನ ಹೊಡೆತ ತಾಳದೆ ರಾಮದುರ್ಗದಲ್ಲಿ ಬೇರೆ ಮನೆ ಮಾಡಿದ ಹೆಣ್ಣುಮಗಳಿಗೂ ಬರುತ್ತದೆ. ಪೊಲೀಸರಿಗೆ ಮಾತ್ರ ಏಕೆ ಎಂದರೆ ಎದುರಾಳಿಗಳು ಮಾತು ಬದಲಿಸುತ್ತಾರೆ.

‘ಹೆಸರು ಮುಚ್ಚಿದರೆ ಯಾರಿಗೇನು ನಷ್ಟ?’ ಎಂಬುದು ಅವರ ಅತಿ ಹಗುರ ಮಾತು. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿ ಪತ್ರಗಳ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಇನ್ನೂ ಕಟ್ಟುನಿಟ್ಟು: ಪತ್ರ ನೋಂದಣಿಯಾಗಿದ್ದರೆ, ಆ ಆಸ್ತಿ ಕೊಂಡವನಿಗೆ ಅದು ಗೊತ್ತಿತ್ತು ಎಂದೇ ಲೆಕ್ಕ. ನೋಡಲು ಬಿಡದೆ, ನಿನಗೆ ಗೊತ್ತಿತ್ತು ಎಂದು ಕೊಂಡವನ ತಲೆಗೆ ಕಟ್ಟುವುದು ಯಾವ ನ್ಯಾಯ? ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ ನಿವೇಶನ ಕೊಳ್ಳುವ ಮಾಸ್ತರರಿಗೆ ಅವರು ಏನು ಹೇಳುತ್ತಾರೆ?

ಅಮೆರಿಕದ ಉದಾಹರಣೆಯೂ ಬರುತ್ತದೆ. 2020ರಲ್ಲಿ ನ್ಯೂಜೆರ್ಸಿಯ ನ್ಯಾಯಾಧೀಶೆ ಎಸ್ತರ್ ಸಾಲಸ್ ಅವರ ಮಗ ಡೇನಿಯಲ್‌ನನ್ನು ಮನೆಬಾಗಿಲಲ್ಲೇ ಕೊಂದರು. ಅವನ ಹೆಸರಿನಲ್ಲಿ ಆ ರಾಜ್ಯ ತಂದ ಕಾನೂನು ಪೊಲೀಸರಿಗೂ ಅನ್ವಯಿಸುತ್ತದೆ. ಆ ಕೊಲೆ ಘೋರವೇ. ಆದರೆ ಆ ಕಾನೂನು ಮುಚ್ಚಿಸುವುದು ಮನೆಯ ವಿಳಾಸವನ್ನು, ಫೋನ್ ನಂಬರನ್ನು. ನಾನು ಹೇಳುತ್ತಿರುವುದೂ ಅದನ್ನೇ.

ಕೊನೆಗೆ, ‘ಆಸ್ತಿ ವಿವರ ಇಲಾಖೆಗೆ ಕೊಡುತ್ತಾರೆ, ಜನರಿಗೇಕೆ?’ ಆ ವಿವರ ಜನರ ಕೈಗೆ ಬರುವುದಿಲ್ಲ. ಅದು ವೈಯಕ್ತಿಕ ಮಾಹಿತಿ, ದೊಡ್ಡ ಸಾರ್ವಜನಿಕ ಹಿತ ತೋರಿಸದ ಹೊರತು ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2012ರ ಗಿರೀಶ್ ದೇಶಪಾಂಡೆ ಪ್ರಕರಣದಲ್ಲೇ ಹೇಳಿತು. ಉಳಿದಿರುವುದು ಉತಾರ ಮತ್ತು ನೋಂದಣಿ ಪುಸ್ತಕಗಳಷ್ಟೇ. ಲೋಕಾಯುಕ್ತಕ್ಕೆ ಕಂಡರೆ ಸಾಕಂತೆ! (ಅಲ್ಲಿ ತನಿಖೆ ಮಾಡುವವರೂ ಪೊಲೀಸರೇ, ಇರಲಿ.) ಅಲ್ಲಿಗೆ ದೂರು ಕೊಡುವವನು ಏನನ್ನು ನೋಡಿ ದೂರು ಬರೆಯಬೇಕು?