ಇಪ್ಪತ್ತೆಂಟು ಲಕ್ಷ ಅಕ್ಷರಗಳ ತಾಳೆ

ಮಕ್ಕಳೇ, ಭಾಲ್ಕಿ, ಔರಾದ್‌ನಿಂದ ತೂಕ ಕಡಿಮೆಯಿರುವ ಕೂಸನ್ನು ಬೀದರಿನ ದೊಡ್ಡ ಆಸ್ಪತ್ರೆಗೆ ತಂದರೆ ಅಜ್ಜಿಯನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಅಜ್ಜಿಗೆ ಸಿಟ್ಟು! ಯಾಕೆ ನಿಲ್ಲಿಸುತ್ತಾರೆ, ಕೇಳಿ.

2011ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿರುವ ರೋಸಿ ಆಸ್ಪತ್ರೆಯ ಶಿಶು ಘಟಕದಲ್ಲಿ, ಆರು ತಿಂಗಳಲ್ಲಿ 12 ಕೂಸುಗಳಲ್ಲಿ ಎಂಆರ್‌ಎಸ್‌ಎ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಹಲವು ಔಷಧಗಳಿಗೆ ಅದು ಬಗ್ಗದು. ಎಲ್ಲ ಒಂದೇ ಮೂಲದ್ದೋ, ಬೇರೆಬೇರೆಯೋ? ಅದರ ಡಿಎನ್‌ಎಯಲ್ಲಿ ಸುಮಾರು 28 ಲಕ್ಷ ಅಕ್ಷರಗಳು. ವಿಜ್ಞಾನಿಗಳು ಅವನ್ನೇ ತಾಳೆ ನೋಡಿದರು. (ಬ್ಯಾಂಕಿನಲ್ಲಿ ನಮಗೆ ಒಂದು ಲೆಡ್ಜರ್ ತಾಳೆ ನೋಡುವಷ್ಟರಲ್ಲೇ ಕಣ್ಣು ಮಂಜಾಗುತ್ತಿತ್ತು.) ಒಂದೇ ವಂಶ!

ಘಟಕವನ್ನು ತೊಳೆದದ್ದೂ ಆಗಿತ್ತು. ಆದರೂ 64 ದಿನಗಳ ಬಳಿಕ ಇನ್ನೊಂದು ಕೂಸಿನಲ್ಲಿ ಅದೇ ವಂಶದ್ದು ಸಿಕ್ಕಿತು. 154 ಸಿಬ್ಬಂದಿಯನ್ನು ಪರೀಕ್ಷಿಸಿದರು. ಒಬ್ಬರ ಮೈಮೇಲೆ ಅದಿತ್ತು. ಹೀಗೆ ಹೊತ್ತವರಿಗೆ ಎಷ್ಟೋ ಸಲ ಜ್ವರವಿರದು, ನೋವಿರದು, ಸುಳಿವೂ ಇರದು. ಅವರಿಗೆ ಚಿಕಿತ್ಸೆ ಕೊಟ್ಟರು.