ಎಣಿಕೆಗೆ ನಿಲುಕದ ಮಾತು



ಕಳೆದ ತಿಂಗಳು ಬೈಲಹೊಂಗಲದ ಸಂತೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಭೆಟ್ಟಿಯಾದಳು. ಶಿಕ್ಷಣಶಾಸ್ತ್ರದಲ್ಲಿ ‘ಗುಣಾತ್ಮಕ ಸಂಶೋಧನೆ’ಯನ್ನು ಕೈಕೊಂಡು ಕಿತ್ತೂರು, ರಾಮದುರ್ಗಗಳ ಕಡೆಯ ಹಳ್ಳಿಗಳನ್ನು ತಿರುಗಲಿರುವಳಂತೆ. ಜೊತೆಗಿದ್ದ ಅವಳ ತಂದೆಯವರು, “ಮಂದಿ ಮನಿಗೆ ಹೋಗಿ ಮಾತಾಡಿಸಿ ಬಂದ್ರ ಅದಕ್ಕೂ ಪದವಿ ಕೊಡತಾರೇನ್ರೀ ಗುರುಗಳ?” ಎಂದು ಕೇಳಿದರು. ಸಂತೆಯ ಗದ್ದಲದಲ್ಲಿ ಉತ್ತರ ಹೇಳಲಾಗಲಿಲ್ಲ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುವೆನು. ಸವದತ್ತಿ ತಾಲೂಕಿನ ಒಂದು ಸಾಲೆಯಲ್ಲಿ ನಾನಿದ್ದಾಗ, ಹತ್ತಿ ಬಿಡಿಸುವ ಕಾಲ ಬಂತೆಂದರೆ ಒಬ್ಬ ಹುಡುಗನು ತಪ್ಪದೆ ಗೈರುಹಾಜರಾಗುತ್ತಿದ್ದನು. ಎರಡು ವರ್ಷ ನಾನು ಹಾಜರಿಯ ಪುಸ್ತಕದಲ್ಲಿ ‘ಪಾಲಕರ ಅನಾಸ್ಥೆ’ ಎಂದು ಬರೆದೆನು. ಆ ಅಂಕಣದಲ್ಲಿ ಅದಕ್ಕಿಂತ ಹೆಚ್ಚು ಬರೆಯಲು ಸ್ಥಳವೂ ಇರಲಿಲ್ಲ. ಮೂರನೆಯ ವರ್ಷ ಬೇರೆ ಕೆಲಸಕ್ಕೆಂದು ಆ ಓಣಿಗೆ ಹೋದವನು ಅವರ ಕಟ್ಟೆಯ ಮೇಲೆ ಕುಳಿತೆನು. ಮಳೆ, ಬೆಳೆ, ಎಲ್ಲಮ್ಮನ ಗುಡ್ಡದ ಜಾತ್ರೆಯ ಮಾತು ಮುಗಿದ ಮೇಲೆ ಅವನ ತಾಯಿ ತಾನಾಗಿಯೇ ಹೇಳಿದಳು: “ನಾ ಮೂಡು ಹರಿಯೂದ್ರಾಗ ಹೊಲಕ್ಕ ಹೋಗತೀನ್ರೀ. ಕೂಸಿನ್ನ ಯಾರು ನೋಡಬೇಕು? ಒಂದಿನ ಎತಗೊಂಡ ಸಾಲಿಗೆ ಬಂದಿದ್ದ, ನೀವ ಬಾಗಲದಾಗಿಂದ ತಿರುಗಿ ಕಳಿಸಿದ್ರಿ.” ನನಗೆ ಆ ದಿನದ ನೆನಪೇ ಇರಲಿಲ್ಲ. ಹುಡುಗನು ಮರಳಿ ಸಾಲೆಗೆ ಬಂದನು; ತನ್ನ ಓರಗೆಯವರ ತರಗತಿಗೆ ಮಾತ್ರ ಮತ್ತೆಂದೂ ಸೇರಲಾಗಲಿಲ್ಲ.

ಇಂಥ ಮಾತನ್ನು ಶಾಸ್ತ್ರವಾಗಿ ಮಾಡಿದವರಲ್ಲಿ ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸರು ಅಗ್ರಗಣ್ಯರು. 1916ರಲ್ಲಿ ಹುಟ್ಟಿ, ಮುಂಬಯಿ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ಕಲಿತ ಅವರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ, ಗೌಡನ ಎತ್ತಿನ ಮನೆಯಲ್ಲಿ ಹಲವು ತಿಂಗಳು ವಾಸಮಾಡಿದರು. ಹಳ್ಳಿಗೆ ‘ರಾಮಪುರ’ವೆಂದು ಮರೆಹೆಸರಿಟ್ಟರು. ಮುಂದೆ ಬಡೋದೆ, ದಿಲ್ಲಿ, ಬೆಂಗಳೂರುಗಳಲ್ಲಿ ಸಮಾಜಶಾಸ್ತ್ರವನ್ನು ಬೆಳೆಸಿದರು. 1970ನೆಯ ಏಪ್ರಿಲ್ ತಿಂಗಳಲ್ಲಿ ಅಮೇರಿಕೆಯ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ, ವರ್ಷಾನುವರ್ಷ ವಿಂಗಡಿಸಿಟ್ಟ ಟಿಪ್ಪಣಿಗಳ ಮೂರು ಪ್ರತಿಗಳೂ ಆಹುತಿಯಾದವು. ನೆನಪನ್ನೇ ನೆಚ್ಚಿ ಬರೆಯಿರೆಂದು ಸೋಲ್ ಟ್ಯಾಕ್ಸ್ ಎಂಬ ವಿದ್ವಾಂಸರು ಹುರಿದುಂಬಿಸಿದರು. 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಪ್ರಕಟವಾಯಿತು. ಕಾಗದ ಸುಟ್ಟರೂ ಊರು ಅವರಲ್ಲಿ ಉಳಿದಿತ್ತು. ಬರಿಯ ಅಂಕಿಗಳನ್ನು ತಂದವನಿಗೆ ಇದು ಸಾಧ್ಯವಾಗುತ್ತಿತ್ತೇ?

ಆದರೆ ಗೌಡನ ಅತಿಥಿಯಾದವನಿಗೆ ಊರು ಗೌಡನ ಅಂಗಳದಿಂದಲೇ ಕಾಣುವದು. ಹರಿಜನರ ಕೇರಿಯ, ಹೆಣ್ಣುಮಕ್ಕಳ ಬಾಳಿನ ಪರಿಚಯ ತಮಗೆ ಸಾಲದಾಯಿತೆಂಬುದನ್ನು ಶ್ರೀನಿವಾಸರು ತಾವೇ ಒಪ್ಪಿಕೊಂಡಿರುವರು. ಆಪ್ತವಾಕ್ಯವನ್ನು ನಮ್ಮ ನೈಯಾಯಿಕರು ಪ್ರಮಾಣವೆಂದರಷ್ಟೆ. ಆಪ್ತನು ಯಾರೆಂಬ ವಿಚಾರವನ್ನೂ ಬಿಡಲಿಲ್ಲ. ಇಂಥ ಒಪ್ಪಿಗೆಯಿಲ್ಲದ ಸಂಶೋಧನೆಯನ್ನು ನಾನಂತೂ ನಂಬಲಾರೆನು.

ಸಾಲೆಯ ವಿಷಯದಲ್ಲಿ ಇದೇ ದಾರಿ ಹಿಡಿದವರೂ ಉಂಟು. ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕಿ ಪದ್ಮಾ ಸಾರಂಗಪಾಣಿಯವರು ದಿಲ್ಲಿಯ ಸಮೀಪದ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ನಡುವೆ ಕುಳಿತು, ‘ಕಲಿಯುವದು’ ಎಂದರೆ ಅವರ ಪಾಲಿಗೆ ಏನೆಂಬುದನ್ನು ಅರಸಿದರು. ಅವರ ಗ್ರಂಥ 2003ರಲ್ಲಿ ಹೊರಬಂದಿತು. ಎಷ್ಟು ಮಕ್ಕಳು ಸಾಲೆ ಬಿಟ್ಟರೆಂಬ ಲೆಕ್ಕವೂ ಬೇಕು. ಅದಿಲ್ಲದೆ ಸರಕಾರದ ಕಿವಿಗೆ ಮಾತು ಮುಟ್ಟುವದಿಲ್ಲ. ಏಕೆ ಬಿಟ್ಟರೆಂಬುದಕ್ಕೆ ಮಾತ್ರ ಕಟ್ಟೆಯ ಮೇಲೆ ಕೂಡ್ರಬೇಕಾಗುವದು.

ವಿದ್ಯಾರ್ಥಿನಿಯ ತಂದೆಯವರಿಗೆ ಇಷ್ಟನ್ನು ಪತ್ರಮುಖೇನ ತಿಳಿಸಿರುವೆನು. ಅವಳು ಮೊದಲು ರಾಮದುರ್ಗದ ಕಡೆಯ ನೇಕಾರರ ಓಣಿಗೆ ಹೋಗುವಳಂತೆ. ಮಗ್ಗ ನಿಂತ ಹೊತ್ತು ನೋಡಿಕೊಂಡು ಹೋಗು, ಬರೆಯುವ ಪುಸ್ತಕವನ್ನು ಮೊದಲ ದಿನ ಚೀಲದಿಂದ ತೆಗೆಯಬೇಡ ಎಂದು ಅವಳಿಗೆ ಬೇರೆಯಾಗಿ ಬರೆದಿರುವೆನು.